ಏಳು ರವಿಕೆ ಕಣಕ್ಕೆ ಒಂದು ಕೌದಿ ಆಗತ್ತೆ, ಟ್ರಂಕ್ ತುಂಬಾ ಇಟ್ಕೊಂಡು ಏನ್ ಮಾಡೋದು?

ಕೌದಿ ಹೊಲಿಯೋರ ಮನೇಲಿ ಬಟ್ಟೆ ಸೇರೋದು ಸಹಜ. ಆದ್ರೆ ಎಲ್ಲಿಗೆ ಬಂದ್ರೆ ಅದು ಜಾಸ್ತಿ ಆಯ್ತು ಅಂತ ಹೇಳ್ಬೇಕು? ದಸರಾ ರಜದಲ್ಲಿ ನಾನೂ ನಮ್ಮಕ್ಕನೂ ಅವಳ ಮನೆ ಅಟ್ಟದ ಟ್ರಂಕ್‌ಗಳನ್ನ ಇಳಿಸಿ ಹಾಲ್ ತುಂಬಾ ಹರಡ್ಕೊಂಡು ಕೂತಾಗಿಂದ ಇದೇ ಯೋಚ್ನೆ ನಂಗೆ.

ನಮ್ ತುಮಕೂರು ಕಡೆ ಬಟ್ಟೆ ಎರಡು ದಾರೀಲಿ ಮನೆಗೆ ಬರತ್ತೆ. ಒಂದು ನಾವಾಗೇ ತರೋದು, ಮಂಡಿಪೇಟೆಗೆ ಸಾಮಾನು ತರಕ್ಕೆ ಅಂತ ಹೋದವರು ಬರ್ತಾ ಎಂ.ಜಿ. ರೋಡಲ್ಲಿ ಒಂದು ಕಟ್‌ಪೀಸ್, ಬೆಂಗಳೂರಿಗೆ ಹೋದ್ರೆ ಚಿಕ್ಕಪೇಟೇಲಿ ಎರಡು ಮೀಟರ್ ಕಲಂಕಾರಿ, ಹೀಗೆ. ಇನ್ನೊಂದು ತಾನಾಗೇ ಬರೋದು. ಗೌರಿ ಹಬ್ಬದ ಬಾಗಿನ, ವರಮಹಾಲಕ್ಷ್ಮಿ ಅರಿಶಿನ ಕುಂಕುಮ, ಸೀಮಂತ, ಗೃಹಪ್ರವೇಶ, ಎಲ್ಲಿ ಹೋದ್ರೂ ತಾಂಬೂಲದ ಜೊತೆ ಒಂದು ರವಿಕೆ ಕಣ. ಬೇಡ ಅನ್ನೋ ಹಾಗಿಲ್ಲ, ಅನ್ನಲೂಬಾರ್ದು. ಹೊಲಿಸಿಕೊಂಡು ಹಾಕ್ಕೊಳ್ಳೋದು ಅದ್ರಲ್ಲಿ ಎಲ್ಲೋ ಒಂದೆರಡು, ಮಿಕ್ಕಿದ್ದೆಲ್ಲಾ ಕೌದಿಗಾಗತ್ತೆ ಅಂತ ಟ್ರಂಕ್ ಸೇರತ್ತೆ.

ಕೌದಿಗಾಗತ್ತಾ ಅಂತ ಒಂದ್ಸಲ ಲೆಕ್ಕ ಹಾಕಿ ನೋಡಿ. ಒಬ್ಬರು ಮಲಗೋ ಮಂಚಕ್ಕೆ 60 ಇಂಚು ಅಗಲ 90 ಇಂಚು ಉದ್ದ ಅಂದ್ರೆ ಧಾರಾಳ. 5 ಇಂಚಿನ ಚೌಕ ಕತ್ತರಿಸಿ ಸುತ್ತ ಕಾಲಿಂಚು ಹೊಲಿಗೆಗೆ ಬಿಟ್ರೆ ನಾಲ್ಕೂವರೆ ಉಳಿಯತ್ತೆ, ಅಗಲಕ್ಕೆ 13, ಉದ್ದಕ್ಕೆ 20, ಒಟ್ಟು 260 ಚೌಕ. 80 ಸೆಂಟಿಮೀಟರ್ ಉದ್ದ, 36 ಇಂಚು ಪನ್ನದ (ಅಗಲದ) ಒಂದು ಕಣದಲ್ಲಿ 42 ಚೌಕ ಬರತ್ತೆ, ಅಂದ್ರೆ ಏಳು ಕಣ ತಗೊಂಡ್ರೆ ಮೇಲ್ಗಡೆ ಭಾಗ ಪೂರ್ತಿ ಮುಗ್ದು ಇನ್ನೂ ಮಿಗತ್ತೆ! ಕೆಳಗಡೆಗೆ ಐದೂವರೆ ಮೀಟರಿನ ಒಂದು ಹಳೇ ಕಾಟನ್ ಸೀರೆ, ಎರಡು ಮಾಡಿ ಜೋಡಿಸಿದ್ರೆ ಆಯ್ತು. ಕೈಹೊಲಿಗೇಲಿ ಒಂದು ಕೌದಿ ಮುಗಿಸಕ್ಕೆ ವಾರಗಟ್ಟಲೆ ಬೇಕು. ಹಾಗಿದ್ಮೇಲೆ ನೂರು ಕಣ ಇದ್ರೆ ಹದಿನಾಲ್ಕು ಕೌದಿ, ಹೊದ್ಕೊಳ್ಳೋರು ಯಾರು ಹೇಳಿ.

ಇನ್ನೂ ಒಂದು ವಿಷ್ಯ ಇದೆ, ಆ ಕಣಗಳಲ್ಲಿ ಎಷ್ಟೋ ಕಾಟನ್ನೇ ಅಲ್ಲ. ಕೈಗೆ ಕಾಟನ್ ಥರಾನೇ ಅನ್ನಿಸತ್ತೆ, ಅನುಮಾನ ಬಂದ್ರೆ ಅಂಚಿಂದ ಎರಡು ನೂಲು ಎಳ್ದು ಬೆಂಕಿ ಕಡ್ಡಿ ತೋರ್ಸಿ, ಕಾಟನ್ ಆದ್ರೆ ಕಾಗದ ಸುಟ್ಟ ವಾಸ್ನೆ ಬಂದು ಬೂದಿ ಆಗತ್ತೆ, ಪಾಲಿಯೆಸ್ಟರ್ ಕರಗಿ ತುದೀಲಿ ಗಟ್ಟಿ ಕರೀ ಮಣಿ ನಿಲ್ಲತ್ತೆ. ಕಾಟನ್ ನೀರಿಗೆ ಬಿದ್ರೆ ಕುಗ್ಗತ್ತೆ, ಪಾಲಿಯೆಸ್ಟರ್ ಕುಗ್ಗಲ್ಲ, ಎರಡೂ ಸೇರ್ಸಿ ಹೊಲಿದ ಕೌದಿ ಮೊದಲ್ನೇ ಒಗೆತಕ್ಕೇ ಅಲ್ಲಲ್ಲಿ ಸುಕ್ಕು ಹಿಡ್ಕೊಂಡು ಕೂರತ್ತೆ. ಅಕ್ಕನ ರಾಶೀಲಿ ಅರ್ಧಕ್ಕರ್ಧ ಮಣಿ ನಿಲ್ಲೋ ಜಾತಿ. ಅದನ್ನ ಕೌದಿಗೆ ಅಂತ ಇಡೋದ್ರಲ್ಲಿ ಅರ್ಥ ಇಲ್ಲ, ಚೀಲ ಹೊಲೀಬಹುದು ಅಷ್ಟೆ.

ಒಳ್ಳೇ ಬಟ್ಟೆ ಕಥೆ ನೋಡಿದ್ರೆ ಇನ್ನೂ ಸಂಕಟ. ಒಂದು ನೀಲಿ ಅಜ್ರಖ್, ಅಂದ್ರೆ ಮರದ ಅಚ್ಚು ಒತ್ತಿದ ಬಟ್ಟೆ, ಇತ್ತು, ಏನ್ ಬಣ್ಣ ಅಂತೀರಾ, 'ಇದನ್ನ ಯಾವ್ದಾದ್ರೂ ವಿಶೇಷಕ್ಕೆ ಅಂತ ಇಟ್ಟಿದ್ದೆ ಕಣೇ' ಅಂದ್ಳು ಅಕ್ಕ. ಬಿಚ್ಚಿದ್ರೆ ಮಡಿಕೆ ಬಿದ್ದಲ್ಲೆಲ್ಲಾ ಗೆರೆ ಎಳೆದ ಹಾಗೆ ಬೆಳ್ಳಗಾಗಿದೆ, ಪಕ್ಕದಲ್ಲಿದ್ದ ಗಂಜಿ ಹಾಕಿದ ಬಿಳೀ ಬಟ್ಟೇಲಿ ಸಣ್ಣ ಸಣ್ಣ ತೂತು. ಗಂಜಿ ಇದ್ದಲ್ಲಿಗೆ ಹುಳ ಬರತ್ತೆ, ನ್ಯಾಫ್ತಲೀನ್ ಗುಳಿಗೆ ಹಾಕಿದ್ದೀವಿ ಅಂತ ವರ್ಷಗಟ್ಟಲೆ ಮರೆತ್ರೆ ಆಗಲ್ಲ. ಕತ್ತರಿ ಹಾಕಕ್ಕೆ ಮನಸ್ಸು ಬರ್ದೇ ಇರೋ ಬಟ್ಟೇನೇ ಮೊದ್ಲು ಕತ್ತರಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಬೇಜಾರಾದ್ರೂ ಪರ್ವಾಗಿಲ್ಲ.

ನಮ್ಮ ಅಜ್ಜಿ ಕಾಲದಲ್ಲಿ ಈ ಸಮಸ್ಯೆ ಹುಟ್ಟೋಕೆ ಜಾಗಾನೇ ಇರ್ಲಿಲ್ಲ, ಉಟ್ಟು ಒಗೆದು ಮೆತ್ತಗಾದ ಸೀರೆ, ಪಂಚೆ ಮಾತ್ರ ಕೌದಿಗೆ ಹೋಗ್ತಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಇವತ್ತಿಗೂ ಹಾಗೇ ಹೊಲೀತಾರೆ. ಹಳೇ ಸೀರೆ ಹಾಸಿ, ಅಂಚಿಂದ ಶುರು ಮಾಡಿ, ತುಂಡುಗಳ ತುದಿ ಮಡಚಿ ಕೂರಿಸ್ತಾ, ಸುತ್ತ ಸುತ್ತ ಒಳಗೆ ನಡುವಿನ ತನಕ ಓಟದ ಹೊಲಿಗೆ (ರನ್ನಿಂಗ್ ಸ್ಟಿಚ್). ಮೂಲೇಲಿ ಬಣ್ಣದ ಪುಟ್ಟ ಮಡಿಕೆಗಳು. ಅಲ್ಲಿ ತುಂಡು ಎಷ್ಟೇ ಇರ್ಲಿ, ಎಂಥಾ ಆಕಾರ ಇರ್ಲಿ, ಇದ್ದ ಹಾಗೇ ಕೂರತ್ತೆ. ನಾವು ಸುತ್ತ ಅದೇ ಕಾಲಿಂಚು ಬಿಟ್ಟು ಎರಡೂವರೆ ಇಂಚಿನ ಚೌಕ ಮಾಡ್ತೀವಿ ಅಂತ ಹೊರಟ್ರೆ ನೂರಕ್ಕೆ 36 ಭಾಗ ಬಟ್ಟೆ ಹೊಲಿಗೆ ಒಳಗೇ ಮುಚ್ಚಿಹೋಗತ್ತೆ. ಚಿಂದಿ ಮುಗಿಸ್ಬೇಕು ಅನ್ನೋರು ಸಿದ್ದಿ ದಾರಿ ಹಿಡಿಯೋದೇ ಒಳ್ಳೇದು.

ಕೊನೆಗೆ ಅಕ್ಕನ ಮನೇಲಿ ಹೀಗೆ ಮಾಡಿದ್ವಿ: ಕಾಟನ್ ಎಲ್ಲಾ ನೆನೆಸಿ, ಒಗೆದು, ನೆರಳಲ್ಲಿ ಒಣಗಿಸಿ, ಒಂದೇ ಟ್ರಂಕಿಗೆ. ಅದು ಅರ್ಧ ಆಗೋ ತನಕ ಕಟ್‌ಪೀಸ್ ಅಂಗಡಿ ಕಡೆ ಹೋಗಲ್ಲ ಅಂತ ಅವಳೇ ಹೇಳಿದ್ದಾಳೆ. ಪಾಲಿಯೆಸ್ಟರ್ ಕಣದಲ್ಲಿ ಚೆನ್ನಾಗಿರೋದು ಹಿಂದಿನ ಬೀದಿ ಟೈಲರ್ ಹತ್ರ ಹೊಲಿಗೆ ಕಲಿಯೋ ಹುಡ್ಗೀರಿಗೆ ಹೋಯ್ತು, ಬ್ಲೌಸ್ ಕತ್ತರಿಸಿ ಕೈ ಪಳಗಿಸ್ಕೊಳ್ಳಕ್ಕೆ ಅವರಿಗೆ ಬಟ್ಟೆ ಬೇಕಲ್ಲ. ಅಜ್ರಖ್‌ನ ನಾನೇ ಕತ್ತರಿಸ್ದೆ, ಬೆಳ್ಳಗಾದ ಗೆರೆಗಳು ಹೊಲಿಗೆ ಒಳಗೆ ಹೋಗೋ ಹಾಗೆ ಅಳತೆ ಹಾಕಿ. ಅಕ್ಕ ಅದನ್ನ ಕೆಂಪು ಇಳಕಲ್ ಪಕ್ಕ ಇಡ್ಬೇಕಾ ಹಳದಿ ಪಕ್ಕ ಇಡ್ಬೇಕಾ ಅಂತ ದಿನಾ ಫೋಟೋ ಕಳಿಸ್ತಿದ್ದಾಳೆ, ನಂಗೇನೋ ಕೆಂಪೇ ಸರಿ ಅನ್ಸತ್ತೆ.