ರಿಸರ್ವ್ ಅಧಿಕಾರಿಯ ಮನೆ, ಮಕ್ಕಳ ಓದು: ಸಿಂಧನೂರಿನವರ ಪ್ರಶ್ನೆಗಳಿಗೆ ಟೆಕ್ಸಾಸ್‌ನಿಂದ ಉತ್ತರ

ಸಿಂಧನೂರಿನಿಂದ ದೊಡ್ಡಪ್ಪ ಫೋನ್ ಮಾಡಿದರೆ ಮಳೆ, ಎಡದಂಡೆ ಕಾಲುವೆಯ ನೀರು, ಭತ್ತದ ರೇಟು ಮುಗಿದ ಮೇಲೆ ಈ ಮಾತು ಬಂದೇ ಬರುತ್ತದೆ: "ಅಳಿಯಾರು ಅಮೆರಿಕಾ ಮಿಲಿಟ್ರ್ಯಾಗ ಆಫೀಸರ್ ಅದಾರ. ಮೊಮ್ಮಗಳ ಕಾಲೇಜು ಪುಕ್ಕಟೆ ಅಲ್ಲೇನವಾ?" ದೊಡ್ಡಪ್ಪ ಒಬ್ಬರೇ ಅಲ್ಲ. ಬಳ್ಳಾರಿಯಲ್ಲಿರುವ ನಮ್ಮ ಮನೆಯವರ ಕಡೆಯವರೂ, ಗಂಗಾವತಿಯ ಗೆಳತಿಯರೂ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹುಡುಗ ಹುಡುಗಿಯರು ಇಲ್ಲಿ ಪೌರತ್ವ ಪಡೆದು ಸೇನೆಯ ರಿಸರ್ವ್ ಸೇರುವುದು ಅಪರೂಪವೇನಲ್ಲ. ಅವರ ಮನೆಗಳಿಗೆ ಈ ಲೆಕ್ಕ ಮೊದಲೇ ತಿಳಿದಿರಬೇಕು.

ಮೊದಲು ರಿಸರ್ವ್ ಅಂದರೆ ಏನು ಎಂಬುದು. ನಮ್ಮ ಮನೆಯವರು ವಾರವಿಡೀ ಕಂಪನಿ ಕೆಲಸ ಮಾಡುತ್ತಾರೆ. ತಿಂಗಳಿಗೊಂದು ಶನಿವಾರ ಭಾನುವಾರ ಡ್ರಿಲ್, ವರ್ಷಕ್ಕೆ ಎರಡು ವಾರ ತರಬೇತಿ. ಸರ್ಕಾರ ಕರೆದಾಗ ಮಾತ್ರ ಆರ್ಡರ್ ಬಂದು, ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗುತ್ತಾರೆ. ನಮ್ಮಲ್ಲಿನ ಟೆರಿಟೋರಿಯಲ್ ಆರ್ಮಿಯನ್ನು ಬಲ್ಲವರಿಗೆ ಅಂದಾಜು ಸಿಕ್ಕೀತು. ಹೆಗಲ ಮೇಲೆ ಅಧಿಕಾರಿಯ ಪಟ್ಟಿ ಇದೆ ಎಂಬ ಕಾರಣಕ್ಕೆ ಮಕ್ಕಳ ಫೀಸು ಯಾರೂ ಕಟ್ಟುವುದಿಲ್ಲ. ಲೆಕ್ಕಕ್ಕೆ ಬರುವುದು ಪೂರ್ಣಾವಧಿ ಸೇವೆಯ ದಿನಗಳು.

ಎಲ್ಲರ ಬಾಯಲ್ಲೂ ಇರುವುದು ಜಿಐ ಬಿಲ್, ಅಂದರೆ ಸೇನೆಯಲ್ಲಿ ಸೇವೆ ಮಾಡಿದವರ ಓದಿನ ಖರ್ಚಿಗೆ ಸರ್ಕಾರ ನೆರವಾಗುವ ಕಾಯ್ದೆ. ಮೂಲ ಕಾಯ್ದೆ 1944ರದ್ದು, ಎರಡನೇ ಮಹಾಯುದ್ಧದಿಂದ ಮರಳಿದವರಿಗಾಗಿ ಮಾಡಿದ್ದು. ಈಗ ನಡೆಯುತ್ತಿರುವುದು ಪೋಸ್ಟ್ 9/11 ಜಿಐ ಬಿಲ್. 2008ರಲ್ಲಿ ಕಾಯ್ದೆಯಾಗಿ 2009ರ ಆಗಸ್ಟ್ 1ರಿಂದ ಜಾರಿಗೆ ಬಂತು. ಒಟ್ಟು 36 ತಿಂಗಳ ಓದಿನ ಸೌಲಭ್ಯ. 2001ರ ಸೆಪ್ಟೆಂಬರ್ 10ರ ನಂತರ ಒಟ್ಟಾರೆ 90 ದಿನ ಪೂರ್ಣಾವಧಿ ಸೇವೆಯಾದರೆ ಬಾಗಿಲು ತೆರೆಯುತ್ತದೆ. ಆ ದಿನಗಳು ಒಂದೇ ಸಲ ಆಗಬೇಕೆಂದಿಲ್ಲ. 90 ದಿನಕ್ಕೆ ಶೇ 50, 180 ದಿನಕ್ಕೆ ಶೇ 60, 545ಕ್ಕೆ ಶೇ 70, 730ಕ್ಕೆ ಶೇ 80, 910ಕ್ಕೆ ಶೇ 90. ಪೂರಾ ನೂರಕ್ಕೆ ನೂರು ಸಿಗಬೇಕಾದರೆ 1095 ದಿನ, ಅಂದರೆ ಮೂರು ವರ್ಷ. ಕಾಲೇಜಿನ ಫೀಸು, ಪುಸ್ತಕಕ್ಕೆ ವರ್ಷಕ್ಕೆ 1000 ಡಾಲರ್‌ವರೆಗೆ, ತಿಂಗಳ ವಸತಿ ಭತ್ಯೆ, ಎಲ್ಲವೂ ಈ ಶೇಕಡಾವಾರಿನ ಪ್ರಕಾರವೇ.

ರಿಸರ್ವ್ ಮನೆಗಳಿಗೆ ಪೆಟ್ಟು ಬೀಳುವುದು ಇಲ್ಲೇ. ಹನ್ನೆರಡು ವರ್ಷ ತಪ್ಪದೆ ಡ್ರಿಲ್‌ಗೆ ಹೋದ, ನಡುವೆ ಒಮ್ಮೆ 400 ದಿನ ಹೊರದೇಶದಲ್ಲಿ ಕರ್ತವ್ಯ ಮಾಡಿ ಬಂದ ಅಧಿಕಾರಿಗೆ ಸಿಗುವುದು ಶೇ 60. ಹೈಸ್ಕೂಲು ಮುಗಿಸಿ ಸೀದಾ ಸೇನೆ ಸೇರಿ ಮೂರು ವರ್ಷ ಪೂರೈಸಿದ ಸಿಪಾಯಿಗೆ ನೂರಕ್ಕೆ ನೂರು. ಸಿಪಾಯಿಗೆ ಸಿಕ್ಕಿದ್ದರ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲ, ಅದು ಅವನ ಹಕ್ಕು. ಆದರೆ ಡ್ರಿಲ್‌ನ ದಿನವೂ ವಾರ್ಷಿಕ ತರಬೇತಿಯ ದಿನವೂ ಒಂದೂ ಲೆಕ್ಕಕ್ಕೆ ಬರುವುದಿಲ್ಲವೆಂಬುದು ನ್ಯಾಯವಲ್ಲ. ಸಮವಸ್ತ್ರ ಅದೇ, ಅಪಾಯವೂ ಅದೇ. ಈ ತಾರತಮ್ಯ ತೆಗೆಯುವ ಮಸೂದೆಯೊಂದು 2022ರ ಜನವರಿಯಲ್ಲಿ ಇಲ್ಲಿನ ಪ್ರತಿನಿಧಿ ಸಭೆಯಲ್ಲಿ ಪಾಸಾಯಿತು. ಸೆನೆಟ್ ದಾಟಿ ಕಾಯ್ದೆಯಾಗಲಿಲ್ಲ. ಅದು ಮತ್ತೆ ಬರಬೇಕು ಎಂದು ನಾನು ನಮ್ಮ ಕ್ಷೇತ್ರದ ಪ್ರತಿನಿಧಿಗೆ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಪೂರ್ಣಾವಧಿ ಸೇವೆಗೆ ಕರೆದರೂ ಆರ್ಡರ್ ಯಾವ ಸೆಕ್ಷನ್ನಿನಡಿ ಬಂದಿದೆ ಎಂದು ನೋಡಲೇಬೇಕು. ಆರ್ಡರ್ ಕಾಗದದಲ್ಲಿ ಹೆಸರು, ದರ್ಜೆ, ಎಲ್ಲಿಗೆ ವರದಿ ಮಾಡಬೇಕು ಎಂಬುದರ ಜೊತೆಗೆ, ಯಾವ ಕಾನೂನಿನ ಬಲದಿಂದ ಕರೆದಿದ್ದಾರೆ ಎಂಬ ಒಂದು ಸಣ್ಣ ಸಾಲು ಇರುತ್ತದೆ: ಟೈಟಲ್ 10, ಸೆಕ್ಷನ್ 12302, ಇಲ್ಲವೇ 12301(ಡಿ), ಹೀಗೆ. ಆ ಸಾಲಿನ ಮೇಲೆ ಮಗುವಿನ ಫೀಸು ನಿಂತಿದೆ. 12304ಬಿ ಎಂಬ ಸೆಕ್ಷನ್ನಿನಡಿ ಹೋದವರ ದಿನಗಳನ್ನು ಬಹುಕಾಲ ಎಣಿಸುತ್ತಲೇ ಇರಲಿಲ್ಲ. 2017ರಲ್ಲಿ ಫಾರೆವರ್ ಜಿಐ ಬಿಲ್ ಎಂದು ಜನ ಕರೆಯುವ ಕಾಯ್ದೆ ಬಂದ ಮೇಲೆ ಅದು ಸರಿಹೋಯಿತು. ಹಳೆಯ ಆರ್ಡರ್ ಇದ್ದವರು ಅದನ್ನು ತೆಗೆದು ಮತ್ತೊಮ್ಮೆ ಓದಬೇಕು.

ನಮ್ಮ ಭಾಗದವರಿಗೆ 371ಜೆ ಸರ್ಟಿಫಿಕೇಟಿನ ಓಡಾಟ ಗೊತ್ತು. ಸೀಟಿಗೆ ಅರ್ಹತೆ ಇದ್ದರೂ ಕಾಗದ ಕೈಯಲ್ಲಿ ಇಲ್ಲದಿದ್ದರೆ ಅರ್ಹತೆ ಇಲ್ಲದಂತೆಯೇ. ಇಲ್ಲಿನದೂ ಅದೇ ಕಥೆ. ಪೂರ್ಣಾವಧಿ ಸೇವೆ ಮುಗಿದಾಗ ಕೊಡುವ ಡಿಡಿ 214 ಎಂಬ ಸೇವಾ ಪತ್ರ, ಆರ್ಡರ್‌ಗಳ ಪ್ರತಿ, ಡೀರ್ಸ್ ಎಂಬ ಸೇನೆಯ ಕುಟುಂಬ ದಾಖಲೆಯಲ್ಲಿ ಹೆಂಡತಿ ಮಕ್ಕಳ ಹೆಸರು: ಇವೆಲ್ಲ ಸರಿಯಾಗಿರಬೇಕು. ಊರಲ್ಲಿ ಮದುವೆಯಾಗಿ ಬಂದವರು, ಊರಲ್ಲೇ ಮಗು ಹೆತ್ತವರು ಇದನ್ನು ಗಟ್ಟಿಯಾಗಿ ನೆನಪಿಡಿ. ಮದುವೆ ನೋಂದಣಿ ಪತ್ರ, ಜನನ ಪ್ರಮಾಣಪತ್ರಗಳಲ್ಲಿ ಇನಿಷಿಯಲ್ ಒಂದು ಕಡೆ, ಮನೆತನದ ಹೆಸರು ಇನ್ನೊಂದು ಕಡೆ ಬಂದಿದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

ಈಗ ಮುಖ್ಯ ವಿಷಯ. ಈ ಸೌಲಭ್ಯ ಸೇವೆ ಮಾಡಿದವರದ್ದು. ಹೆಂಡತಿಗೆ ಅಥವಾ ಗಂಡನಿಗೆ, ಮಕ್ಕಳಿಗೆ ಅದು ತಾನಾಗಿ ಬರುವುದಿಲ್ಲ. ಅವರು ಸೇವೆಯಲ್ಲಿ ಇರುವಾಗಲೇ ಅದನ್ನು ವರ್ಗಾಯಿಸಬೇಕು. ಆರು ವರ್ಷ ಸೇವೆ ಮುಗಿದಿರಬೇಕು, ಇನ್ನೂ ನಾಲ್ಕು ವರ್ಷ ಇರುತ್ತೇನೆಂದು ಒಪ್ಪಿ ಸಹಿ ಹಾಕಬೇಕು. ಸಮಾಧಾನದ ಮಾತೆಂದರೆ ಈ ಆರು ವರ್ಷಕ್ಕೆ ಡ್ರಿಲ್ ಮಾಡುವ ರಿಸರ್ವ್ ವರ್ಷಗಳೂ ಸೇರುತ್ತವೆ. ಆದರೆ ಡ್ರಿಲ್ ಬಿಟ್ಟು ಹೆಸರು ಮಾತ್ರ ಉಳಿದಿರುವ ಐಆರ್‌ಆರ್ ಪಟ್ಟಿಗೆ ಹೋದವರಿಗೆ ವರ್ಗಾವಣೆಯ ಅವಕಾಶವಿಲ್ಲ. ನಿವೃತ್ತರಾದ ಮೇಲೆ ಅರ್ಜಿ ಹಾಕುತ್ತೇನೆಂದರೆ ಆಗುವುದಿಲ್ಲ. ಸಹಿ ಹಾಕಿ ನಾಲ್ಕು ವರ್ಷ ಪೂರೈಸದೆ ಬಿಟ್ಟರೆ, ಮಗು ಬಳಸಿಕೊಂಡ ಹಣವನ್ನು ವಾಪಸು ಕಟ್ಟುವ ಸಂದರ್ಭ ಬರಬಹುದು.

ವರ್ಗಾವಣೆ ಮಾಡುವುದು ಮಿಲ್‌ಕನೆಕ್ಟ್ ಎಂಬ ಜಾಲತಾಣದಲ್ಲಿ. ಒಂದು ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಅದರ ಮುಂದೆ ಕೂತೆವು. ಪರದೆಯ ಮೇಲೆ ಸಾಲಾಗಿ ನನ್ನ ಹೆಸರು, ಮಗಳ ಹೆಸರು, ಮಗನ ಹೆಸರು. ಪ್ರತಿ ಹೆಸರಿನ ಮುಂದೆ ತಿಂಗಳು ತುಂಬುವ ಚಿಕ್ಕ ಪೆಟ್ಟಿಗೆ. ಹೆಚ್ಚು ತಿಂಗಳು ಮಗಳಿಗೆ, ಉಳಿದದ್ದು ಮಗನಿಗೆ, ನನಗೆ ಒಂದೇ ತಿಂಗಳು ಇಟ್ಟರು. "ನಿನಗೂ ಒಂದು ಇರಲಿ, ನಾಳೆ ಬೇಕಾದರೆ ಬದಲಿಸೋಣ" ಅಂದರು. ಅದು ಪ್ರೀತಿಯ ಮಾತಷ್ಟೇ ಅಲ್ಲ, ನಿಯಮವೂ ಹಾಗೇ ಇದೆ. ಸೇವೆಯಲ್ಲಿರುವಾಗ ಒಂದು ತಿಂಗಳಾದರೂ ಹಾಕಿದ್ದರೆ ನಿವೃತ್ತಿಯ ನಂತರವೂ ತಿಂಗಳುಗಳನ್ನು ಅತ್ತಿತ್ತ ಮಾಡಬಹುದು. ಹೊಸ ಹೆಸರು ಸೇರಿಸಲು ಮಾತ್ರ ಆಗದು. ಹಾಗಾಗಿ ಮನೆಯ ಪ್ರತಿ ಅರ್ಹರ ಹೆಸರಿಗೂ ಒಂದೊಂದು ತಿಂಗಳು ಹಾಕಿಡಿ.

ಹೆಂಡತಿ ಅಥವಾ ಗಂಡ ತಕ್ಷಣ ಬಳಸಬಹುದು. ಮಕ್ಕಳು ಬಳಸಬೇಕಾದರೆ ಸೇವೆಯಲ್ಲಿರುವವರಿಗೆ ಹತ್ತು ವರ್ಷ ತುಂಬಿರಬೇಕು, ಮಗು ಹೈಸ್ಕೂಲು ಮುಗಿಸಿರಬೇಕು ಇಲ್ಲವೇ 18 ಆಗಿರಬೇಕು, 26 ತುಂಬುವುದರೊಳಗೆ ಮುಗಿಸಬೇಕು. ರಕ್ಷಣಾ ಇಲಾಖೆ ವರ್ಗಾವಣೆ ಒಪ್ಪಿದ ಮೇಲೆ ಮಗುವೇ 22-1990ಇ ಎಂಬ ಅರ್ಜಿಯನ್ನು ಮಾಜಿ ಸೈನಿಕರ ಇಲಾಖೆಗೆ, ಅಂದರೆ ವಿಎಗೆ, ಪ್ರತ್ಯೇಕವಾಗಿ ಹಾಕಬೇಕು. ಗಂಡ ಪೂರ್ಣಾವಧಿ ಸೇವೆಯಲ್ಲಿರುವಾಗ ಹೆಂಡತಿ ಓದಿದರೆ ವಸತಿ ಭತ್ಯೆ ಸಿಗದು, ಮಕ್ಕಳಿಗೆ ಸಿಗುತ್ತದೆ. ಮಗಳಿಗೆ ಹೆಚ್ಚು ಇಡುವುದಕ್ಕೆ ನಮಗೆ ಇದೂ ಒಂದು ಕಾರಣ.

ಚಾಪ್ಟರ್ 1606 ಎಂಬ ಇನ್ನೊಂದು ಯೋಜನೆ ರಿಸರ್ವ್‌ನವರಿಗೆಂದೇ ಇದೆ. ಪೂರ್ಣಾವಧಿ ಸೇವೆಗೆ ಹೋಗದವರಿಗೂ ಸಿಗುತ್ತದೆ. ಅಧಿಕಾರಿಗಳಾದರೆ ಈಗಾಗಲೇ ಇರುವ ಬಾಧ್ಯತೆಯ ಮೇಲೆ ಇನ್ನೂ ಆರು ವರ್ಷಕ್ಕೆ ಒಪ್ಪಬೇಕು. ಹಣ ಪ್ರತಿ ತಿಂಗಳು ಓದುವವರ ಕೈಗೇ ಬರುತ್ತದೆ, ಮೊತ್ತ ದೊಡ್ಡದಲ್ಲ. ಇದನ್ನು ಹೆಂಡತಿ ಮಕ್ಕಳಿಗೆ ವರ್ಗಾಯಿಸಲು ಬರುವುದಿಲ್ಲ. ಎರಡನ್ನೂ ಬೆರೆಸಿ ಮಾತಾಡುವುದರಿಂದಲೇ ಊರಲ್ಲಿ ಅರ್ಧ ಗೊಂದಲ.

ಅಧಿಕಾರಿಗಳ ಹೆಂಡತಿಯರಿಗೆ ಮೈಕಾ ಎಂಬ ನೆರವೂ ಇದೆ. ಲೈಸೆನ್ಸ್, ಸರ್ಟಿಫಿಕೇಟ್ ಕೋರ್ಸುಗಳಿಗೆ 4000 ಡಾಲರ್‌ವರೆಗೆ, ಕೆಳಗಿನ ದರ್ಜೆಗಳವರ ಸಂಗಾತಿಗಳಿಗೆ ಮಾತ್ರ. ರಿಸರ್ವ್‌ನವರಾದರೆ ಗಂಡ ಟೈಟಲ್ 10 ಆರ್ಡರ್ ಮೇಲೆ ಇರುವಷ್ಟರಲ್ಲೇ ಕೋರ್ಸು ಶುರುವಾಗಿ ಮುಗಿಯಬೇಕು. ನಮ್ಮವರು ಲೆಫ್ಟಿನೆಂಟ್ ಆಗಿ ಹೊರಗಿದ್ದ ಕಾಲದಲ್ಲಿ ನಾನು ಮೆಡಿಕಲ್ ಕೋಡಿಂಗ್ ಕಲಿತದ್ದು ಹೀಗೆಯೇ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ಟೇಬಲ್ಲಿನ ಮೇಲೆ ಓದುತ್ತಿದ್ದೆ. ಇವತ್ತು ನನ್ನ ಸಂಬಳ ಬರುತ್ತಿರುವುದು ಅದರಿಂದ.

ನಾವು ಟೆಕ್ಸಾಸ್‌ನಲ್ಲಿ ಇರುವುದರಿಂದ ಹೇಜಲ್‌ವುಡ್ ಕಾಯ್ದೆಯನ್ನು ಬಿಡುವಂತಿಲ್ಲ. ಸೇನೆ ಸೇರುವಾಗ ಟೆಕ್ಸಾಸ್ ನಿವಾಸಿಯಾಗಿದ್ದು, ತರಬೇತಿ ಬಿಟ್ಟು 181 ದಿನ ಪೂರ್ಣಾವಧಿ ಸೇವೆ ಮಾಡಿದವರಿಗೆ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ 150 ಕ್ರೆಡಿಟ್ ಅವರ್‌ವರೆಗೆ (ಇಲ್ಲಿ ಕಾಲೇಜಿನ ಪಾಠಗಳನ್ನು ಎಣಿಸುವ ಲೆಕ್ಕ) ಬೋಧನಾ ಶುಲ್ಕ ಮಾಫಿ. ಬಳಸದೆ ಉಳಿದ ಅವರ್‌ಗಳನ್ನು 25 ದಾಟದ ಮಗುವಿಗೆ ಕೊಡಬಹುದು. ವಸತಿಗೆ, ಪುಸ್ತಕಕ್ಕೆ ಇದರಲ್ಲಿ ಏನೂ ಇಲ್ಲ. ಬೇರೆ ರಾಜ್ಯಗಳಲ್ಲಿ ಇರುವವರು ತಮ್ಮ ರಾಜ್ಯದ ನಿಯಮ ಕೇಳಿ ತಿಳಿದುಕೊಳ್ಳಿ.

ಊರಿನವರ ಎರಡು ಪ್ರಶ್ನೆ ಉಳಿದವು. "ನಮ್ಮ ಇನ್ನೊಬ್ಬ ಮಗನ ಮಗಳಿಗೆ ಸ್ವಲ್ಪ ತಿಂಗಳು ಬರಕೊಡ್ರಿ, ನಿಮಗೇನು ಹೊರೆ?" ಎಂದು ಬಳ್ಳಾರಿಯ ಅತ್ತೆಯವರು ಕೇಳಿದರು. ಅತ್ತೀ, ಕೊಡುವ ಮನಸ್ಸಿದೆ, ಕಾನೂನಿನಲ್ಲಿ ಜಾಗವಿಲ್ಲ. ಕಟ್ಟಿಕೊಂಡವರಿಗೆ, ಸ್ವಂತ ಅಥವಾ ದತ್ತು ಮಕ್ಕಳಿಗೆ, ಹೀಗೆ ಸೇನೆಯ ದಾಖಲೆಯಲ್ಲಿ ಅವಲಂಬಿತರಾಗಿರುವವರಿಗೆ ಮಾತ್ರ. ಅಣ್ಣ ತಮ್ಮಂದಿರ ಮಕ್ಕಳು ಬರುವುದಿಲ್ಲ. ಎರಡನೆಯದು, ಮಗಳನ್ನು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ (ಮೊದಲಿನ ವಿಮ್ಸ್) ಓದಿಸಿದರೆ ಈ ಹಣ ಬರುತ್ತದೆಯೇ ಎಂದು. ಅಮೆರಿಕದ ಹೊರಗಿನ ವಿಶ್ವವಿದ್ಯಾಲಯಕ್ಕೂ ಬರಬಹುದು, ಆದರೆ ಆ ಸಂಸ್ಥೆಗೂ ಆ ಪದವಿಗೂ ವಿಎ ಒಪ್ಪಿಗೆ ಇರಬೇಕು. ಜಿಐ ಬಿಲ್ ಕಂಪ್ಯಾರಿಸನ್ ಟೂಲ್ ಎಂಬ ಸರ್ಕಾರಿ ಪುಟದಲ್ಲಿ ಸಂಸ್ಥೆಯ ಹೆಸರು ಹಾಕಿದರೆ ಗೊತ್ತಾಗುತ್ತದೆ. ಸೀಟು ಹಿಡಿಯುವ ಮೊದಲು ಅದನ್ನು ನೋಡಿ.

ಬಳ್ಳಾರಿ, ರಾಯಚೂರು, ಕೊಪ್ಪಳದ ಯಾರದೇ ಮಗ, ಮಗಳು, ಅಳಿಯ, ಸೊಸೆ ಇಲ್ಲಿನ ರಿಸರ್ವ್‌ನಲ್ಲಿದ್ದರೆ, ಈ ಭಾನುವಾರ ಫೋನ್ ಮಾಡಿದಾಗ ಎರಡು ಮಾತು ಕೇಳಿ: ಟ್ರಾನ್ಸ್‌ಫರ್ ಅರ್ಜಿ ಹಾಕಿದಿರೇನು, ಅಪ್ರೂವಲ್ ಲೆಟರ್ ಕೈಗೆ ಬಂತೇನು? ಇಲ್ಲ ಅಂದರೆ ಮುಂದಿನ ಡ್ರಿಲ್‌ಗೆ ಹೋದಾಗ ತಮ್ಮ ಯೂನಿಟ್ಟಿನಲ್ಲೇ ವಿಚಾರಿಸಲಿ.