ಏಳೂ ಹತ್ತರ ಗೇಟು

ಅರವತ್ತು ಫಾರ್ಮ್ ತುಂಬಿಸಿಕೊಂಡಿದ್ದೆ. ಅರವತ್ತರಲ್ಲೂ ಹೆಚ್ಚುಕಡಿಮೆ ಒಂದೇ ಉತ್ತರ. ಕೆಲಸ ತೃಪ್ತಿ ಕೊಟ್ಟಿದೆಯೇ? ಒಪ್ಪುತ್ತೇನೆ. ಮೇಲಿನವರು ನಿಮ್ಮ ಮಾತು ಕೇಳುತ್ತಾರೆಯೇ? ಒಪ್ಪುತ್ತೇನೆ. ರಾತ್ರಿ ಟಿಳಕವಾಡಿಯ ಪಿಜಿಯಲ್ಲಿ ಕೂತು ಲ್ಯಾಪ್‌ಟಾಪಿಗೆ ಏರಿಸುವಾಗ ಎದೆ ಭಾರವಾಯಿತು. ಇವರೆಲ್ಲ ಇಷ್ಟು ಖುಷಿಯಾಗಿದ್ದರೆ ಕೆಲಸಕ್ಕೆ ಯಾಕೆ ಬರುತ್ತಿಲ್ಲ?

2022ರ ಜುಲೈ ಅದು. ಎಂಬಿಎ ಎಚ್‌ಆರ್ ಪ್ರಾಜೆಕ್ಟಿಗಾಗಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ, ಅಂದರೆ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಗೆ, ಹೋಗುತ್ತಿದ್ದೆ. ವಿಷಯ ಗೈರುಹಾಜರಿ. ಕಾರಣ ಏನು ಅಂತ ಅಲ್ಲಿನ ಎಚ್‌ಆರ್ ಆಫೀಸರ್ ಮೊದಲ ದಿನವೇ ಹೇಳಿಬಿಟ್ಟಿದ್ದರು. "ಖಾನಾಪುರ ಕಡೆ ಮಂದಿ ರೀ. ಮಳಿ ಹತ್ತಿತಂದ್ರ ಭತ್ತದ ನಾಟಿ. ಹೊಲಕ್ಕ ಹೋಗ್ತಾರ, ಅಷ್ಟ."

ಫಾರ್ಮ್ ಸುಳ್ಳಾಗಿದ್ದು ಯಾಕೆ ಅಂತ ಆಮೇಲೆ ಹೊಳೆಯಿತು. ತುಂಬಿಸುವಾಗ ಸುಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದ. ಎಷ್ಟೋ ಜನರ ಮನೆಮಾತು ಮರಾಠಿ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರ ಪರವಾಗಿ ಅವನೇ ಓದಿ ಅವನೇ ಟಿಕ್ ಹಾಕಿದ್ದ. ಅದನ್ನು ನಾನು ತಡೆಯಬೇಕಿತ್ತು.

ಟೈಮ್ ಆಫೀಸಿನಲ್ಲಿ ಕೂತು ಆರು ವಾರದ ಮಸ್ಟರ್, ಅಂದರೆ ಹಾಜರಿ ಪುಸ್ತಕ, ನೋಡಿದೆ. ನಾಟಿಗೆ ಹೋದವರದು ತಿಳಿಯುತ್ತದೆ, ಸತತ ಮೂರು ನಾಲ್ಕು ದಿನ ಗೈರು. ಆದರೆ ಜಾಸ್ತಿ ಇದ್ದದ್ದು ಒಂದೊಂದೇ ದಿನದ ಗೈರು. ಸೋಮವಾರ ಒಂದು, ಗುರುವಾರ ಒಂದು. ಒಂದೇ ದಿನಕ್ಕೆ ಯಾರೂ ನಾಟಿ ಮುಗಿಸುವುದಿಲ್ಲ, ಅಲ್ವಾ? ಅದೂ ಬಹುತೇಕ ಖಾನಾಪುರ ರಸ್ತೆಯಿಂದ ಬರುವವರದೇ.

ಮರುದಿನ ಬೆಳಿಗ್ಗೆ ಆರೂವರೆಗೇ ಹೋಗಿ ಗೇಟಿನ ಹತ್ತಿರ ನಿಂತೆ. ಜಿಟಿಜಿಟಿ ಮಳೆ. ಶಿಫ್ಟ್ ಏಳಕ್ಕೆ ಶುರು. 7 ಗಂಟೆ 10 ನಿಮಿಷಕ್ಕೆ ವಾಚ್‌ಮನ್ ಗೇಟು ಎಳೆದ. ಐದಾರು ನಿಮಿಷ ಕಳೆದಿರಬಹುದು, ರಸ್ತೆಯಲ್ಲಿ ಬಸ್ಸು ನಿಂತಿತು. ಏಳೆಂಟು ಜನ ಇಳಿದು ಓಡೋಡಿ ಬಂದರು. ಗೇಟು ನೋಡಿದರು. ಯಾರೂ ಜಗಳ ತೆಗೆಯಲಿಲ್ಲ, ಕೇಳಲೂ ಇಲ್ಲ. ಸುಮ್ನೆ ತಿರುಗಿ ಹೊರಟರು.

ಅವರಲ್ಲಿ ಒಬ್ಬರು ಎರಕಕ್ಕೆ ಮರಳಿನ ಅಚ್ಚು ಮಾಡುವ ಮೋಲ್ಡರ್ ಕಾಕಾ. ಸಿಮೆಂಟು ಚೀಲದ ಪ್ಲಾಸ್ಟಿಕ್ ಹಾಳೆಯಲ್ಲಿ ಊಟದ ಡಬ್ಬಿ ಸುತ್ತಿಕೊಂಡಿದ್ದರು. ಅವರ ತಲೆಯಿಂದ ನೀರು ಇಳಿಯುತ್ತಿತ್ತು, ಡಬ್ಬಿಗೆ ಒಂದು ಹನಿ ತಾಗಿರಲಿಲ್ಲ.

"ಯಾಕ್ರಿ ಕಾಕಾ, ವಾಪಸ್ ಹೊಂಟ್ರಿ?" ಅಂದೆ.

"ಈಗ ಬಿಡಂಗಿಲ್ಲ ತಂಗಿ. ಮಧ್ಯಾಹ್ನದ ತನಕ ಹೊರಗ ನಿಂದರಬೇಕು. ಅರ್ಧಾ ದಿನದ ಪಗಾರ ಹೋತು. ಉಳಿದದ್ರಾಗ ಬಸ್ಸಿನ ರೊಕ್ಕಾ ತಗದ್ರ ಏನ ಉಳೀತೈತಿ? ಮನೀಗೆ ಹೋದ್ರ ಒಂದ ಕೆಲಸಾ ಆದರೂ ಆಗತೈತಿ."

ಕಾಲು ಗಂಟೆಯ ತಡ ಇಡೀ ದಿನದ ಗೈರಾಗುವುದನ್ನು ಕಣ್ಣಾರೆ ನೋಡಿದ್ದು ಹೀಗೆ. ಮಸ್ಟರಿನಲ್ಲಿ ಅದು ಬರೀ ಒಂದು 'ಎ', ಆಬ್ಸೆಂಟ್.

ಕ್ಲಾಸಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಬಗ್ಗೆ ಓದಿದ್ದೆವು. 1959ರಲ್ಲಿ ಬಂದ ಎರಡು ಅಂಶಗಳ ಸಿದ್ಧಾಂತ. ಬೇಸರ ತರುವ ಕಾರಣಗಳೇ ಬೇರೆ, ಹುರುಪು ತರುವ ಕಾರಣಗಳೇ ಬೇರೆ. ಬೇಸರದ ಪಟ್ಟಿಯಲ್ಲಿ ಕಂಪನಿಯ ನಿಯಮಗಳೇ ಮೊದಲು ಬರುತ್ತವೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆ ಬೆಳಿಗ್ಗೆ ನೆನಪಾದದ್ದು ಮಾತ್ರ ಇನ್ನೊಂದು ವಿಷಯ. ಅವರು ಪಿಟ್ಸ್‌ಬರ್ಗಿನ 200ರಷ್ಟು ಇಂಜಿನಿಯರ್ ಮತ್ತು ಅಕೌಂಟೆಂಟ್‌ಗಳಿಗೆ ಟಿಕ್ ಹಾಕಿ ಅನ್ನಲಿಲ್ಲ. ಕೆಲಸದಲ್ಲಿ ತುಂಬಾ ಖುಷಿಯಾದ ಒಂದು ಸಂದರ್ಭ ಹೇಳಿ, ತುಂಬಾ ಬೇಜಾರಾದ ಒಂದು ಸಂದರ್ಭ ಹೇಳಿ ಅಂತ ಕೇಳಿದರು.

ನಾನೂ ಹಾಗೇ ಕೇಳತೊಡಗಿದೆ. ಊಟದ ಹೊತ್ತಿಗೆ, ಸುಪರ್‌ವೈಸರ್ ಇಲ್ಲದಾಗ, ಶೆಡ್ಡಿನ ಹಿಂದೆ. ಕಾಗದ ಪೆನ್ನು ಚೀಲದಲ್ಲೇ. ಮಾತು ಬಂದವು. ಒಬ್ಬ ಹುಡುಗ ತಾನು ಮಾಡಿದ ಮೊದಲ ಅಚ್ಚಿನಿಂದ ಎರಕ ಚೊಕ್ಕ ಬಂದ ದಿನ ಹೇಳುತ್ತ ಕೈಯಲ್ಲೇ ಅದರ ಆಕಾರ ಬಿಡಿಸಿ ತೋರಿಸಿದ. ಬೇಜಾರಿನ ದಿನ ಯಾವುದು ಅಂದರೆ ಮಾತ್ರ ಬಹಳ ಜನ ಗೇಟಿನ ಕಡೆಗೇ ಬೆರಳು ತೋರಿಸಿದರು.

ಆಡಳಿತದವರ ಕಷ್ಟವೂ ನಿಜ. ಕಬ್ಬಿಣ ಕರಗಿ 1400 ಡಿಗ್ರಿ ಆಸುಪಾಸಿಗೆ ಬಂದಾಗ ಅಚ್ಚುಗಳು ತಯಾರಿರಬೇಕು. ಇಲ್ಲದಿದ್ದರೆ ಅದನ್ನು ಬಿಸಿಯಾಗಿಯೇ ಇಡಲು ಕರೆಂಟ್ ಸುಡುತ್ತಿರಬೇಕು. ಹೊತ್ತಿಗೆ ಸರಿಯಾಗಿ ಬನ್ನಿ ಅನ್ನುವುದು ತಪ್ಪಲ್ಲ. ಆದರೆ ಆ ನಿಯಮದಿಂದ ಕಾಲು ಗಂಟೆ ತಡವಾದ ಮೋಲ್ಡರ್ ಇಡೀ ದಿನಕ್ಕೇ ಇಲ್ಲವಾಗುತ್ತಿದ್ದ. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆ ಎಷ್ಟು ಹೊತ್ತು ಗೈರೋ ಅಷ್ಟಕ್ಕೇ ಪಗಾರ ಮುರಿಯಬೇಕು ಅನ್ನುತ್ತಿತ್ತು. ಒಳಗೇ ಬಿಡದಿದ್ದರೆ? ಹೊರಗೆ ನಿಂತ ಹೊತ್ತೂ ಗೈರಿನ ಲೆಕ್ಕಕ್ಕೇ ಸೇರುತ್ತಿತ್ತು.

ಆಫೀಸರ್ ಮುಂದೆ ಮಸ್ಟರ್ ಬಿಚ್ಚಿ ಒಂದೊಂದೇ 'ಎ' ತೋರಿಸಿದೆ. "ಸಡಿಲ ಬಿಟ್ರ ಎಲ್ಲಾರೂ ತಡಾ ಮಾಡ್ತಾರವಾ," ಅಂದರು. ಆದರೂ ಪೂರ್ತಿ ನೋಡಿದರು. ಮಳೆಗಾಲ ಮುಗಿಯುವವರೆಗೆ ಏಳೂವರೆ ತನಕ ಒಳಗೆ ಬಿಡಲು, ತಡವಾದಷ್ಟನ್ನು ಸಂಜೆ ತುಂಬಿಸಿಕೊಳ್ಳಲು ಒಪ್ಪಿದರು. ಮಳೆಗಾಲಕ್ಕೆ ಮಾತ್ರ. ಬೇಸಿಗೆಯಲ್ಲೂ ಬಸ್ಸು ಕೆಡುತ್ತದೆ, ಅದನ್ನೂ ಹೇಳಿ ಬಂದೆ.

ಕೊನೆಯ ದಿನ ಕಾಕಾ ಕೇಳಿದರು: "ನಮ್ಮ ಬಗ್ಗೆ ಏನ ಬರದೀ, ಓದಿ ಹೇಳ." ಶೆಡ್ಡಿನ ಹಿಂದೆ ಕೂತು ಆ ಅಧ್ಯಾಯ ಪೂರ್ತಿ ಓದಿದೆ, ಇಂಗ್ಲಿಷ್ ಬಂದಲ್ಲೆಲ್ಲ ಕನ್ನಡದಲ್ಲಿ ಹೇಳುತ್ತ. ಕೈಗೆ ಅಂಟಿದ ಕರಿ ಮರಳು ಉಜ್ಜುತ್ತ ಕೇಳಿದರು.

"ತಡಾ ತಡಾ ಅಂತ ಬರದೀಯಲ್ಲ. ನಾ ನಾಕೂವರಿಗೆ ಏಳತೇನಿ ಅಂತ ಬರದಿಯೇನು?"

ಬರೆದಿರಲಿಲ್ಲ. ಪೆನ್ನು ತೆಗೆದು, ಅವರ ಎದುರೇ, ಆ ಪುಟದ ಅಂಚಿನಲ್ಲಿ ಬರೆದೆ.