ಬಾಡಿಗೆಯಲ್ಲೇ ಇಎಂಐ ತೀರುತ್ತಾ?

"ಮೇಲೆ ಎರಡು ಮೂರು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರೆ ಬಾಡಿಗೆಯಲ್ಲೇ ಸಾಲ ತೀರುತ್ತೆ, ಟ್ಯಾಕ್ಸೂ ಉಳಿಯುತ್ತೆ, ಅಲ್ವಾ?"

ಟ್ಯಾಕ್ಸ್ ರಿಟರ್ನ್ ಹಾಕಿಸಲು ನನ್ನ ಬಳಿ ಬರುವವರು ಹೆಚ್ಚಾಗಿ ಕೇಳುವುದು ಇದನ್ನೇ. ಬೆಂಗಳೂರಿನಲ್ಲಿ ಒಂದು 30-40 ಸೈಟು, ಕೆಳಗೆ ತಾವಿರುವ ಮನೆ, ತಿಂಗಳ ಸಂಬಳ. ಅಷ್ಟೇ ಇವರ ಆಸ್ತಿ. ಕಟ್ಟಬೇಡಿ ಅಂತ ನಾನು ಹೇಳುವುದಿಲ್ಲ. ಟ್ಯಾಕ್ಸ್ ಉಳಿಸೋಕೆ ಅಂತ ಮಾತ್ರ ಕಟ್ಟಬೇಡಿ ಅನ್ನುತ್ತೇನೆ.

ಲೆಕ್ಕ ಹಾಕೋಣ. 40 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ 8.5 ಅಂತ ಇಟ್ಟುಕೊಳ್ಳಿ. ಇಎಂಐ ಸುಮಾರು 34,700 ರೂಪಾಯಿ. ಮೊದಲ ವರ್ಷ ನೀವು ಕಟ್ಟುವ 4.16 ಲಕ್ಷದಲ್ಲಿ ಬಡ್ಡಿಯೇ 3.37 ಲಕ್ಷ. ಅಸಲು ಕರಗುವುದು ಬರೀ 80 ಸಾವಿರದಷ್ಟು. ಮೂರು ಮನೆಯಿಂದ ತಲಾ ಹತ್ತು ಸಾವಿರ ಬಂದರೆ ವರ್ಷಕ್ಕೆ 3.6 ಲಕ್ಷ. ಅಂದರೆ ಒಂದು ದಿನವೂ ಮನೆ ಖಾಲಿ ಬೀಳದಿದ್ದರೂ ತಿಂಗಳಿಗೆ 4,700 ಕೈಯಿಂದ ಹೋಗುತ್ತದೆ.

ಈಗ ಟ್ಯಾಕ್ಸ್. ಆ 3.6 ಲಕ್ಷದಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ, 12,000 ಅನ್ನಿ, ಕಳೆಯಿರಿ. ಉಳಿದದ್ದರಲ್ಲಿ ಶೇ 30 ಕಳೆಯಲು ಕಾನೂನೇ ಬಿಡುತ್ತದೆ. ಅದಕ್ಕೆ ಬಿಲ್ಲು ಬೇಕಿಲ್ಲ. ಹಾಗಂತ ಪೇಂಟು, ಪ್ಲಂಬಿಂಗ್‌ಗೆ ಅದಕ್ಕಿಂತ ಜಾಸ್ತಿ ಖರ್ಚಾದರೆ ಹೆಚ್ಚುವರಿ ಏನೂ ಸಿಗುವುದಿಲ್ಲ. ಉಳಿಯುವುದು ಸುಮಾರು 2.44 ಲಕ್ಷ. ಬಡ್ಡಿ 3.37 ಲಕ್ಷ ಕಳೆದರೆ ಕಾಗದದ ಮೇಲೆ 93,000 ನಷ್ಟ.

ಎಲ್ಲರ ಆಸೆ ಇರುವುದು ಈ ನಷ್ಟದ ಮೇಲೆ. ಆದಾಯ ತೆರಿಗೆ ಲೆಕ್ಕ ಹಾಕಲು ಹಳೇದು, ಹೊಸದು ಅಂತ ಎರಡು ಪದ್ಧತಿ ಇವೆ. ಹಳೇ ಪದ್ಧತಿಯಲ್ಲಿ ಇಂಥ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು. ಶೇ 30ರ ಸ್ಲ್ಯಾಬಿನವರಿಗೆ ನಮ್ಮ ಲೆಕ್ಕದಲ್ಲಿ ಸೆಸ್ ಸೇರಿ ಸುಮಾರು 29,000 ಉಳಿಯುತ್ತದೆ. ಹೊಸ ಪದ್ಧತಿಯಲ್ಲಿ ಬಾಡಿಗೆ ಆದಾಯ ಸೊನ್ನೆ ಆಗುವ ತನಕ ಮಾತ್ರ ಬಡ್ಡಿ ಕಳೆಯಬಹುದು. ಆಮೇಲಿನ ನಷ್ಟ ಸಂಬಳದ ಲೆಕ್ಕಕ್ಕೆ ಬರುವುದೇ ಇಲ್ಲ. ಅಸಲು ತೀರಿಸಿದ್ದಕ್ಕೆ ಹಳೇ ಪದ್ಧತಿಯಲ್ಲಿ ಸಿಗುವ 1.5 ಲಕ್ಷದವರೆಗಿನ ವಿನಾಯಿತಿಯೂ (80ಸಿ) ಇಲ್ಲ. 2023-24ರಿಂದ, ನೀವಾಗಿ ಹಳೇದನ್ನು ಆರಿಸಿಕೊಳ್ಳದಿದ್ದರೆ, ಹೊಸ ಪದ್ಧತಿಯೇ ಲಾಗು. 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ಅದರಲ್ಲಿ ತೆರಿಗೆ ಬೀಳದ ಕಾರಣ ಸಂಬಳದವರಲ್ಲಿ ಬಹಳ ಮಂದಿ ಅತ್ತ ಹೋಗಿದ್ದಾರೆ. ಆದರೂ ಸಾಲ ಕೊಡಿಸುವವರು ಹಳೇ ಪದ್ಧತಿಯ ಉಳಿತಾಯವನ್ನೇ ಬರೆದು ತೋರಿಸುತ್ತಾರೆ. ನನಗೆ ಕೋಪ ಬರುವುದು ಅಲ್ಲೇ.

ಕಟ್ಟಡ ಮುಗಿಯುವ ಮೊದಲು ಕಟ್ಟಿದ ಬಡ್ಡಿಯನ್ನು ತುಂಬಾ ಜನ ಮರೆತೇಬಿಡುತ್ತಾರೆ. ಮನೆ ಪೂರ್ತಿಯಾದ ವರ್ಷದಿಂದ ಅದನ್ನು ಐದು ಸಮ ಕಂತಿನಲ್ಲಿ ತೋರಿಸಬಹುದು. ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟನ್ನು ಪ್ರತಿ ವರ್ಷದ್ದೂ ತೆಗೆದಿಟ್ಟುಕೊಳ್ಳಿ.

ಸಾಲವೂ ಕೇಳಿದಷ್ಟು ಸಿಗುವುದಿಲ್ಲ. 30ರಿಂದ 75 ಲಕ್ಷದ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಆಸ್ತಿ ಬೆಲೆಯ ಶೇ 80. ಬೆಲೆ ಕಟ್ಟಲು ಬರುವ ವ್ಯಾಲ್ಯುಯರ್ ಮಂಜೂರಾದ ಪ್ಲಾನ್ ಕೈಯಲ್ಲಿ ಹಿಡಿದೇ ಮಹಡಿ ಎಣಿಸುತ್ತಾರೆ. ಪ್ಲಾನಿನಲ್ಲಿ ಇಲ್ಲದ ಮಹಡಿಗೆ ಸಾಮಾನ್ಯವಾಗಿ ಬೆಲೆಯೇ ಇಲ್ಲ. ಬಿ-ಖಾತಾ, ಅಂದರೆ ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಗೆ ಪಾಲಿಕೆ ಕೊಡುವ ಖಾತಾ, ಆದರೆ ಎಷ್ಟೋ ಬ್ಯಾಂಕುಗಳು ಅರ್ಜಿಯನ್ನೇ ಮುಟ್ಟುವುದಿಲ್ಲ. ಆಗ ಜಾಸ್ತಿ ಬಡ್ಡಿಯ ಫೈನಾನ್ಸ್ ಕಂಪನಿಯೇ ಗತಿ.

ಹೀಗೆ ಕಡಿಮೆ ಬಿದ್ದ ದುಡ್ಡಿಗೆ ನಮ್ಮಲ್ಲಿ ಹುಡುಕುವ ದಾರಿ ಲೀಸ್. ಊರ ಕಡೆ ಭೋಗ್ಯ ಅನ್ನುತ್ತಾರೆ. ಬಾಡಿಗೆದಾರರಿಂದ ಏಳೆಂಟು ಲಕ್ಷ ಒಟ್ಟಿಗೆ ತೆಗೆದುಕೊಂಡು ಕಟ್ಟಡಕ್ಕೆ ಸುರಿಯುವುದು, ಎರಡು ಮೂರು ವರ್ಷ ಬಿಟ್ಟು ವಾಪಸ್ ಕೊಡುವುದು. ಬಡ್ಡಿ ಇಲ್ಲದಿದ್ದರೂ ಇದು ಸಾಲವೇ. ಆ ಮನೆಯಿಂದ ಇಎಂಐಗೆ ಒಂದು ಪೈಸೆ ಬರುವುದಿಲ್ಲ. ಬಾಡಿಗೆ ಬರದಿದ್ದರೂ, ಅಂಥ ಮನೆಗೆ ಬರಬಹುದಾಗಿದ್ದ ಬಾಡಿಗೆಯನ್ನು ಆದಾಯ ಅಂತ ತೋರಿಸಬೇಕು. ಅವಧಿ ಮುಗಿದಾಗ ದುಡ್ಡು ಗೋಡೆಯೊಳಗೆ ಸೇರಿರುತ್ತದೆ. ಹೊಸ ಲೀಸಿನವರು ಸಿಕ್ಕರೆ ಮಾತ್ರ ಹಳಬರಿಗೆ ಕೊಡಲು ಸಾಧ್ಯ. ಮನೆ ಅಡಮಾನದಲ್ಲಿದ್ದಾಗ ಲೀಸ್ ಕೊಡಲು ಸಾಮಾನ್ಯವಾಗಿ ಬ್ಯಾಂಕಿನ ಒಪ್ಪಿಗೆ ಬೇಕು. ಕೇಳದೆ ಕೊಟ್ಟು, ಕಂತು ನಿಂತು, ಬ್ಯಾಂಕ್ ಮನೆ ಹಿಡಿದರೆ ಬೀದಿಗೆ ಬರುವುದು ಜೀವಮಾನದ ಉಳಿತಾಯ ನಿಮ್ಮ ಕೈಗಿಟ್ಟ ಇನ್ನೊಂದು ಸಂಸಾರ. ಇಎಂಐ ನಡೆಯುತ್ತಿರುವ ಮನೆಯನ್ನು ಲೀಸಿಗೆ ಕೊಡಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಬಡ್ಡಿ ದರವೂ ನಿಂತಲ್ಲಿ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ ರೆಪೊ. 2022ರ ಮೇ ಮೊದಲಲ್ಲಿ ಶೇ 4 ಇದ್ದ ಅದು, 2023ರ ಫೆಬ್ರವರಿಗೆ ಶೇ 6.5 ಆಯಿತು. ಎಷ್ಟೋ ಬ್ಯಾಂಕುಗಳು ಇಎಂಐ ಹಾಗೇ ಬಿಟ್ಟು ಅವಧಿ ಎಳೆದವು. ಸಾಲಗಾರರಿಗೆ ಅದು ಗೊತ್ತಾಗಿದ್ದು ಸ್ಟೇಟ್‌ಮೆಂಟ್ ತೆಗೆಸಿದಾಗಲೇ. ಫ್ಲೋಟಿಂಗ್, ಅಂದರೆ ಹೀಗೆ ಏರಿಳಿಯುವ ದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಇಲ್ಲ. ಬೋನಸ್ ಬಂದರೆ ಅಸಲಿಗೆ ಹಾಕಿ.

ಇಷ್ಟೆಲ್ಲಾ ಹೇಳಿದ ಮೇಲೆ ನಾನು ಕೇಳುವುದು ಒಂದೇ: ಮೂರೂ ಮನೆ ಆರು ತಿಂಗಳು ಖಾಲಿ ಇದ್ದರೆ ಸಂಬಳದಲ್ಲಿ ಇಎಂಐ ಕಟ್ಟಿ ಮನೆ ನಡೆಸುತ್ತೀರಾ? ಹೌದು ಅಂದರೆ ಧೈರ್ಯವಾಗಿ ಶುರು ಮಾಡಿ. ಇಲ್ಲ ಅಂದರೆ ಪಿಲ್ಲರನ್ನು ಎರಡು ಮಹಡಿ ತಡೆಯುವ ಹಾಗೆ ಹಾಕಿಸಿ, ಸದ್ಯಕ್ಕೆ ಒಂದೇ ಮನೆ ಕಟ್ಟಿ. ಆ ಸಾಲ ಅರ್ಧಕ್ಕೆ ಇಳಿದ ಮೇಲೆ ಇನ್ನೊಂದರ ಮಾತು.